ಊಟದ ನಂತರ ಎಗರಿದ ಗೆರೆ

ಮಸಿ ಹಿಡಿಸಿದ ಕಾಗದದ ಮೇಲೆ ಬೆಳಿಗ್ಗೆ ಗೆರೆ ಒಂದು ಅಂಗುಲ ಏರಿತ್ತು. ಊಟದ ನಂತರ, ಅಷ್ಟೇ ಔಷಧಕ್ಕೆ, ಮೂರು ಅಂಗುಲ!

“ಬ್ರಾಡಿಕೈನಿನ್ ಜಾಸ್ತಿ ಹಾಕಿ ಕಮ್ಮಿ ಬರ್ದಿದೀಯಾ?” ಮೊಳಕಾಲ್ಮೂರಿನ ಔಷಧ ಕಾಲೇಜಿನ ಮುಖ್ಯಸ್ಥ ಜಂಬುಲಿಂಗಪ್ಪ ಸಂಶೋಧನಾ ವಿದ್ಯಾರ್ಥಿನಿ ಮಾಲತಿಯ ಮೇಲೆ ಕೂಗಾಡಿದ. “ಮೋಸಗಾರ್ತಿ! ಸಂಜೆಯೊಳಗೆ ನಿನ್ನ ಹೆಸರು ಹೊಡೆದು ಹಾಕ್ತೀನಿ.”

ಇಸವಿ ೧೯೯೮. ಎರಡು ವರ್ಷದಿಂದ ಮಾಲತಿ ಗಿನಿಪಿಗ್ಗಿನ ಕರುಳಿನ ತುಂಡನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ತೂಗುಹಾಕಿ, ಕರುಳನ್ನು ಕುಗ್ಗಿಸುವ ಬ್ರಾಡಿಕೈನಿನ್ ಎಂಬ ಔಷಧ ಬಿಡುತ್ತಿದ್ದಳು. ಕರುಳು ಕುಗ್ಗಿದರೆ ಕಡ್ಡಿ ಗೆರೆ ಎಳೆಯುತ್ತದೆ. ಅಷ್ಟೂ ದುಡಿಮೆಯನ್ನು ಈತ ಒಂದೇ ಮಾತಿಗೆ ನೀರುಪಾಲು ಮಾಡುವುದೇ? ಅಲ್ಲೇ ನಿಂತಿದ್ದ ಉಪನ್ಯಾಸಕಿ ವನಜಾಕ್ಷಿಗೆ ಮೈಯೆಲ್ಲ ಉರಿಯಿತು.

“ಸಂಜೆತನಕ ಟೈಮ್ ಐತಲ್ಲ ಸಾರ್. ನಾನೇ ನೋಡ್ತೀನಿ.”

ಔಷಧದ ಹೊಸ ಬಾಟಲಿ ತೆರೆದು, ಹೊಸ ಉಪ್ಪುನೀರು ಹಾಕಿ, ಅದೇ ಕರುಳಿಗೆ ಅಷ್ಟೇ ಔಷಧ ತಾನೇ ಬಿಟ್ಟಳು. ಮೂರು ಅಂಗುಲ! ಕರುಳು ಕುಗ್ಗಿಸುವ ಇನ್ನೊಂದು ಔಷಧ ಅಸಿಟೈಲ್‌ಕೋಲಿನ್ ಬಿಟ್ಟಳು—ಗೆರೆ ಬೆಳಿಗ್ಗೆ ಅದಕ್ಕೆ ಏರಿದ್ದಷ್ಟೇ. ಬೇರೆ ಕರುಳಿನ ತುಂಡಿಗೆ ಬ್ರಾಡಿಕೈನಿನ್ ಬಿಟ್ಟಳು—ಒಂದೇ ಅಂಗುಲ.

ಹಾಗಾದರೆ ಔಷಧದಲ್ಲಿ ಮೋಸವಿಲ್ಲ. ಬದಲಾಗಿದ್ದು ಆ ಕರುಳು.

“ಊಟದಿಂದ ಬಂದು ಏನ್ ಮಾಡ್ದೆ ಮಾಲತಿ?”

“ಬಿಸಿ ತೊಟ್ಟಿಯಲ್ಲಿದ್ದ ಜಾಡಿಯಿಂದ ಉಪ್ಪುನೀರು ಬದಲಿಸಿದೆ ಮೇಡಂ. ದಿನಾ ಮಾಡೋದೇ.”

ಪ್ರಯೋಗಾಲಯದ ಕಿಟಕಿಯಲ್ಲಿ ರೇಷ್ಮೆ ಲಡಿಯೊಂದು ಒಣಗುತ್ತಿತ್ತು. ಮನೆಮನೆಗೂ ಮಗ್ಗವಿರುವ ಊರಲ್ಲಿ ಅದನ್ನು ಯಾರು ಗಮನಿಸುತ್ತಾರೆ? ವನಜಾಕ್ಷಿ ಮುಟ್ಟಿ ನೋಡಿದಳು. ಮೃದು. ರೇಷ್ಮೆಯ ಅಂಟು ಬಿಡಿಸುವ ಸೋಪಿನ ವಾಸನೆಯೇ ಇಲ್ಲ.

“ಇದು ಯಾರ್ದು ನಿಂಗಕ್ಕ?”

“ದೊಡ್ಡ ಸಾರ್‌ದು ಕಣವ್ವ,” ಎಂದಳು ಕಸ ಗುಡಿಸುವ ನಿಂಗಕ್ಕ. “ಬೆಳಿಗ್ಗೆ ತಂದಾಗ ಕಡ್ಡಿ ಹಂಗೆ ಬಿರುಸಿತ್ತು.”

“ಇಲ್ಲೇ ಸೋಪು, ಸೋಡ ಹಾಕಿ ಬೇಯಿಸಿದ್ರಾ?”

“ಎಲ್ಲಿ ಬೇಯಿಸ್ತಾರೆ? ಗ್ಯಾಸ್ ಖಾಲಿಯಾಗಿ ಮೂರ್ ದಿನ ಆತು!”

ವನಜಾಕ್ಷಿ ಲಡಿ ಹಿಡಿದು ಮುಖ್ಯಸ್ಥನ ಕೋಣೆಗೆ ನುಗ್ಗಿದಳು. ಹಿಂದೆಯೇ ಮಾಲತಿ.

“ಬೇಯಿಸದೆ ರೇಷ್ಮೆಯ ಅಂಟು ಬಿಡಬೇಕಾದ್ರೆ ಯಾವುದೋ ಪುಡಿ ಅದನ್ನ ಕರಗಿಸಿರಬೇಕು. ಅಲ್ವಾ ಸಾರ್?”

“ನಾನು ಟ್ರಿಪ್ಸಿನ್ ಮುಟ್ಟೇ ಇಲ್ಲ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ.

“ನಾನು ಪುಡಿ ಅಂದೆ. ಟ್ರಿಪ್ಸಿನ್ ಅಂದಿದ್ದು ನೀವು.” ಅವಳು ಲಡಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು. “ಅದು ಪ್ರೋಟೀನ್ ಕತ್ತರಿಸೋ ಕಿಣ್ವ. ರೇಷ್ಮೆಯ ಅಂಟೂ ಪ್ರೋಟೀನೇ. ನಿಮ್ಮ ಮಗ್ಗದ ರೇಷ್ಮೆ ಪರೀಕ್ಷೆಗೆ ಈ ಹುಡುಗಿಯ ಜಾಡಿಯೇ ಬೇಕಿತ್ತಾ? ಪುಡಿ ಕಲಸಿದಿರಿ, ಲಡಿ ಅದ್ದಿ ತೆಗೆದಿರಿ, ನೀರು ಚೆಲ್ಲದೆ ಹೋದಿರಿ. ಆ ನೀರು ತಾಗಿದ ಕರುಳಿಗೆ ಬ್ರಾಡಿಕೈನಿನ್ ಒಂದಕ್ಕೇ ಸೂಕ್ಷ್ಮತೆ ಹೆಚ್ಚಾಯ್ತು. ಅದಕ್ಕೇ ಅಸಿಟೈಲ್‌ಕೋಲಿನ್ ಗೆರೆ ಬೆಳಗಿಗಿಂತ ಹೆಚ್ಚು ಏರಲಿಲ್ಲ. ಗೆರೆ ನೋಡಿದ ತಕ್ಷಣ ನಿಮಗೆ ಗೊತ್ತಾಗಿತ್ತು. ತಪ್ಪು ನಿಮ್ಮದು, ಸಾರ್!”

ಜಂಬುಲಿಂಗಪ್ಪ ಹಣೆ ಒರೆಸಿಕೊಂಡ. “ಗೊತ್ತಿಲ್ದೆ ಆತು... ಇಲ್ಲಿಗೇ ಬಿಟ್ಬಿಡ್ರಮ್ಮ.”

ಅಲ್ಲಿಯವರೆಗೆ ತಲೆತಗ್ಗಿಸಿ ನಿಂತಿದ್ದ ಮಾಲತಿ ಅವನ ಮುಖ ನೋಡಿದಳು.

“ಜಾಡಿ ಕೆಡಿಸಿದ್ದು ಗೊತ್ತಿಲ್ದೆ, ಸಾರ್. ನನ್ನ ಮೋಸಗಾರ್ತಿ ಅಂದಿದ್ದು ಗೊತ್ತಿದ್ದೇ ಅಲ್ವಾ?”

ವನಜಾಕ್ಷಿ ಖಾಲಿ ಹಾಳೆಯೊಂದನ್ನು ಅವನ ಮುಂದಿಟ್ಟು, ಅವನು ತಪ್ಪೊಪ್ಪಿಗೆ ಬರೆಯುವವರೆಗೂ ಬಾಗಿಲಲ್ಲೇ ನಿಂತಳು.