ಒಣಗದ ಟವೆಲ್ಲು

“ಬೇರೆ ಏನು ಬೇಕಾದ್ರೂ ಮುಟ್ಟಪ್ಪ. ಹಗ್ಗದ ಮೇಲಿರೋ ಆ ನೀಲಿ ಟವೆಲ್ ಮಾತ್ರ ಬೇಡ. ಅದಕ್ಕೆ ಮಾಟ ಮಾಡ್ಸಿದೆ.”

ವಸತಿಗೃಹದ ಒಡತಿಯ ಈ ಮಾತಿಗೆ ಹುಡುಗ ನಕ್ಕ ನಗುವಿಗೆ ತೀರದ ಏಡಿಗಳೆಲ್ಲ ಬಿಲ ಸೇರಿದವು. ಪರದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಮುಗಿಸಿ, ಊರಿಗೆ ಮರಳುವ ದಾರಿಯಲ್ಲಿ ಅಗ್ಗದ ಕಡಲತೀರಗಳನ್ನು ಸುತ್ತುತ್ತಿದ್ದವನು. ಸಹಪಾಠಿಗಳು ಇಟ್ಟ ಹೆಸರು ಪುಕ್ಕಟೆ. ಎಂಥ ಜಿಪುಣನೆಂದರೆ, ಅವನ ಚೀಲ ಹೊಕ್ಕ ಇರುವೆ ಬಾಯಲ್ಲಿದ್ದ ಸಕ್ಕರೆಯನ್ನೂ ಕಳೆದುಕೊಂಡು ಹೊರಬರುತ್ತಿತ್ತು. ಚೀಲದ ತೂಕ ಇಳಿಸಲು ಸ್ವಂತ ಟವೆಲನ್ನು ಕಾಲೇಜಿನ ಕೋಣೆಯಲ್ಲೇ ಬಿಟ್ಟಿದ್ದ. ಹೋದಲ್ಲೆಲ್ಲ ಹಿಂದಿನವರು ಮರೆತುಹೋದದ್ದರಲ್ಲೇ ಮೈ ಒರೆಸಿಕೊಳ್ಳುತ್ತಿದ್ದ. ಸೋಪೂ ಹಾಗೆಯೇ. ಕಾಲಲ್ಲಿದ್ದ ಚಪ್ಪಲಿಗಳಂತೂ ಒಂದೊಂದು ಒಂದೊಂದು ದೇಶದವು.

ಅವನು ಧಾರಾಳಿಯಾಗಿದ್ದದ್ದು ಅಜ್ಜಿಗೆ ಫೋನ್ ಮಾಡುವುದರಲ್ಲಿ ಮಾತ್ರ. ಸಾಕಿದ ಅಜ್ಜಿ. ಎರಡೂ ಕಣ್ಣಿಗೆ ಪೊರೆ ಬಂದಿದ್ದರೂ ಹಟ ಹಿಡಿದು ಕೂತಿದ್ದಳು: ಮೊಮ್ಮಗ ಬಂದ ಮೇಲೆಯೇ ಆಪರೇಷನ್ನು, ಕಟ್ಟು ಬಿಚ್ಚಿದಾಗ ಮೊದಲು ಕಾಣಬೇಕಾದದ್ದು ಅವನದೇ ಮೋರೆ. ನಾಳೆ ಸಂಜೆ ಮನೇಲಿರ್ತೀನಿ ಎಂದು ಆ ಬೆಳಿಗ್ಗೆಯೂ ಮಾತು ಕೊಟ್ಟಿದ್ದ.

ಮಟಮಟ ಮಧ್ಯಾಹ್ನ ಕಡಲಲ್ಲಿ ಮಿಂದು ಬಂದ. ಬಿಸಿಲು ಎಷ್ಟಿತ್ತೆಂದರೆ ಅಂಗಳದ ಕಲ್ಲುಗಳು ನೆರಳು ಹುಡುಕಿಕೊಂಡು ಸರಿಯುತ್ತಿದ್ದವು. ಆ ಬಿಸಿಲಲ್ಲೂ ನೀಲಿ ಟವೆಲ್ ತೊಟ್ಟಿಕ್ಕುತ್ತಿತ್ತು. ಅದರ ಒಂದು ತುದಿಗೆ ಕರಿದಾರದ ಗಂಟು.

ಒಡತಿ ಬಾಗಿಲಿಗೆ ಬಂದು ಮತ್ತೊಮ್ಮೆ ಬೇಡವೆಂದಳು. ತನ್ನ ಮಗ ಕಡಲಿಗೆ ಹೋದವನು ತಿರುಗಿ ಬರಲಿಲ್ಲ, ಅದು ಅವನ ಟವೆಲ್, ಎಂದಳು. ಧ್ವನಿ ನಡುಗುತ್ತಿತ್ತು. ಹೆದರಿಕೆ ಇರಬೇಕೆಂದು ಪುಕ್ಕಟೆ ತಿಳಿದ.

“ಮಾಟಕ್ಕೆ ಹೆದರಿ ನೆಗಡಿ ತಂದ್ಕೊಳ್ಳಕ್ಕಾಗತ್ತಾ ಆಂಟಿ?” ಎಂದು ಎಳೆದುಕೊಂಡು ಬಚ್ಚಲು ಹೊಕ್ಕ.

ಕಿಟಕಿಯಿಲ್ಲದ ಬಚ್ಚಲು. ಅಗುಳಿ ಹಾಕಿದೊಡನೆ ಬಾವಿಯ ತಳದ ಕತ್ತಲು. ತುಕ್ಕು ಹಿಡಿದ ನಲ್ಲಿಯ ವಾಸನೆ, ಅದರ ಹಿಂದೆ ಕೊಳೆತ ಕಡಲಪಾಚಿಯ ವಾಸನೆ. ಮುಖ ಒರೆಸಿಕೊಂಡ. ಇನ್ನಷ್ಟು ಒದ್ದೆಯಾಯಿತು. ಟವೆಲನ್ನು ಹಿಂಡಿದ. ನೀರು ನೆಲಕ್ಕೆ ಬೀಳಲಿಲ್ಲ. ಅಂಗೈಯೊಳಗೆ ಇಳಿಯಿತು.

ಕಿವಿಯಲ್ಲಿ ಅಲೆ ಮೊರೆಯಿತು. ಗಂಟಲಿಗೆ ಉಪ್ಪು ಬಂತು. ಕೆಮ್ಮಿದ. ನಾಲಿಗೆಯ ಮೇಲೆ ಮರಳು. ಹಿಂದೆ ಯಾರೋ ಉಸಿರೆಳೆದರು. ಬಹಳ ಕಾಲ ಉಸಿರು ಕಟ್ಟಿದ್ದವರು ಎಳೆಯುವ ಉಸಿರು. ಅಗುಳಿಗೆ ಕೈ ಹಾಕಿದ. ಬೆರಳು ಮಡಚಿಕೊಂಡವು. ಬಟ್ಟೆಯಂತೆ. ಅಜ್ಜಿಯನ್ನು ಕೂಗಿದ. ಬಾಯಿಂದ ಬರಿಯ ನೀರು. ಅಷ್ಟರಲ್ಲಿ ಕೈಯೊಂದು ಅಗುಳಿ ತೆಗೆಯಿತು. ಅವನದೇ ಕೈ. ಒಣಗಿತ್ತು.

ಬೆಳಕಿಗೆ ಹೊರಬಂದ ಮುಖ ಪುಕ್ಕಟೆಯದು, ನಗು ಬೇರೆ ಯಾರದೋ. ಹೆಗಲ ಮೇಲೆ ನೀಲಿ ಟವೆಲ್ ಜೋತಾಡುತ್ತಿತ್ತು.

“ಬಂದೆ, ಅಮ್ಮ.”

ಒಡತಿ ಆ ಗಲ್ಲವನ್ನು ಎರಡು ಕೈಯಲ್ಲೂ ಹಿಡಿದು ಅತ್ತಳು. ಆ ಹೊತ್ತು ಕಡಲು ಒಂದು ಗೇಣು ಏರಿತು. ಆಮೇಲೆ ಟವೆಲನ್ನು ಎತ್ತಿ ಕೂಸಿನಂತೆ ಹಗ್ಗದ ಮೇಲೆ ಹಾಕಿ, ಅದರ ಗಂಟಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು.

“ಎರಡೆರಡು ಸಲ ಹೇಳಿದ್ನಲ್ಲ ಮಗಾ. ಬೇಡ ಅಂದ ಮೇಲೂ ತಾವಾಗೇ ತಗೊಂಡವರಿಗೇ ಇದು ಹತ್ತೋದು. ಹೇಳ್ದೇ ಇದ್ದಿದ್ರೆ ನಿಂಗೇನೂ ಆಗ್ತಿರಲಿಲ್ಲ.”

ಒಳಗೆ ಹಾಸಿಗೆಯ ಮೇಲೆ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಅಜ್ಜಿಯ ಚಿತ್ರ. ಈ ಮುದುಕಿ ಯಾರೆಂದು ಮಗ ಕೇಳಿದ. ಯಾರೋ ಗೊತ್ತಿಲ್ಲವೆಂದು ಒಡತಿ ಅದನ್ನು ಆರಿಸಿದಳು. ಹಗ್ಗದ ಮೇಲಿನ ಟವೆಲ್ ಗಾಳಿಯಿಲ್ಲದೆ ಅಲುಗಾಡಿತು.

ಈಗ ಆ ವಸತಿಗೃಹದಲ್ಲಿ ಯಾರಿಗೂ ಯಾವ ಎಚ್ಚರಿಕೆಯೂ ಇಲ್ಲ. ಒಡತಿಗೆ ಹೇಳುವ ಅಗತ್ಯ ತೀರಿತು, ಟವೆಲಿಗೆ ಬಾಯಿಲ್ಲ. ಬಂದ ಪ್ರವಾಸಿಗರೆಲ್ಲ ಅದರಲ್ಲಿ ಪುಕ್ಕಟೆಯಾಗಿ ಮರಳುಗಾಲು ಒರೆಸಿಕೊಳ್ಳುತ್ತಾರೆ. ಯಾರಿಗೂ ಏನೂ ಆಗುವುದಿಲ್ಲ.

ಊರಲ್ಲಿ ಅಜ್ಜಿ ಇನ್ನೂ ಕಣ್ಣು ಕೊಯ್ಸಿಕೊಂಡಿಲ್ಲ.