ಮುಳುಗಡೆ ಮನೆಯ ಬಾಗಿಲು

೨೦೦೪ರ ಜೂನ್. ನನಗೆ ಬೀಳಗಿಗೆ ವರ್ಗವಾಗಿತ್ತು. ಮಗಳು ಮನೀಷಾಳ ಶಾಲೆಗೆ ಹತ್ತಿರವೆಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನವರ ಪುನರ್ವಸತಿ ಬಡಾವಣೆಯಲ್ಲಿ ಬಾಡಿಗೆ ಮನೆ ನೋಡಲು ಹೋದೆವು. ಮನೆ ಹೊಸದು, ಬಾಗಿಲು ಮಾತ್ರ ಹಳೆಯದು. ಮಗಳು ಹೊಸ ಪಾಟೀಚೀಲವನ್ನು ಅದರ ಚೌಕಟ್ಟಿಗೆ ಒರಗಿಸಿದಳು. ಆಗ ನೋಡಿದೆ: ಚೌಕಟ್ಟು ಮೊಣಕಾಲೆತ್ತರಕ್ಕೆ ಒದ್ದೆಯಾಗಿತ್ತು. ಯಾರೋ ನೀರು ಸುರುವಿರಬೇಕೆಂದು ನೆಲ ಮುಟ್ಟಿದೆ, ಕಾದ ಹಂಚಿನಂತಿತ್ತು.

“ಮುಳುಗಿದ ನಮ್ಮ ಮನೀ ಬಾಗಲಾರೀ, ಕಿತ್ತ ತಂದೇವಿ,” ಎಂದಳು ಮನೆಯೊಡತಿ ಅನ್ನವ್ವ.

“ಮತ್ತ ಈ ನೀರ ಎಲ್ಲೀದು?”

“ಡ್ಯಾಮಿನ್ಯಾಗ ಈಗ ನೀರಿಲ್ಲಲ್ಲರೀ, ಅದಕ್ಕ ಇಷ್ಟ ಐತಿ. ಮಳಿಗಾಲದಾಗ ಮ್ಯಾಲ ಏರತೈತಿ.”

ಪಾಟೀಚೀಲ ಎತ್ತಿಕೊಂಡು, ಮಗಳ ಕೈ ಹಿಡಿದು ಹೊರಬಿದ್ದೆ. ಬೇರೆ ಓಣಿಯಲ್ಲಿ ಮನೆ ಹಿಡಿದೆವು.

ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ಆ ಪಾಟೀಚೀಲ ಇನ್ನೂ ಒಣಗಿಲ್ಲ.