ಪಟ್ಟಿ ಬಿಟ್ಟು ಹೋದ ಡಾಕ್ಟ್ರು

"ಒಬ್ಬರು ಬಿಟ್ಟು ಹೋಗಿದ್ದಾರೆ ನೋಡು," ಎಂದಳು ಅಕ್ಕ, ಬಿಸ್ಕತ್ತು ಕಡಿಯುತ್ತ, ಏನೂ ಆಗಿಲ್ಲವೆನ್ನುವ ಹಾಗೆ.

ನನ್ನ ಎದೆ ಧಸಕ್ಕೆಂದಿತು. ಲ್ಯಾಪ್‌ಟಾಪಿನಿಂದ ಆದಷ್ಟು ದೂರ ಇರಲೆಂದು ನಾನು ಹೊಲಿಗೆ ಮಷಿನ್ನಿನ ಆಚೆ ಕುಳಿತಿದ್ದೆ. ಹರಿದ ಬಟ್ಟೆಯನ್ನು ಹರಿದದ್ದೇ ಗೊತ್ತಾಗದ ಹಾಗೆ ಸರಿಮಾಡಿ ಕೊಡುವುದು ನನ್ನ ಕಸುಬು. ಅಂಗಡಿಗೆ ಬರುವವರ ಇಮೇಲ್ ವಿಳಾಸ ಕೇಳಿ ಒಂದು ಪಟ್ಟಿ ಮಾಡು, ಅವರಿಗೆಲ್ಲ ಆಗಾಗ ಏನಾದರೂ ಬರೆದು ಕಳಿಸು, ಗಿರಾಕಿಗಳು ಮರೆಯುವುದಿಲ್ಲ ಎಂದು ಬೆನ್ನು ಹತ್ತಿ ಶುರು ಮಾಡಿಸಿದವಳು ಅಕ್ಕನೇ. ಕಳಿಸುತ್ತಲೂ ಇದ್ದೆ. ಆದರೆ ಕಳಿಸಿದ ಮೇಲೆ ಯಾರು ಓದಿದರು, ಯಾರು ಓದಲಿಲ್ಲ ಎಂದು ತೋರಿಸುವ ರಿಪೋರ್ಟನ್ನು ತೆರೆಯುವ ಧೈರ್ಯ ಮಾತ್ರ ಇವತ್ತಿನವರೆಗೆ ಬಂದಿರಲಿಲ್ಲ. ಅದನ್ನು ಕಲಿಸಲೆಂದೇ ಅವಳು ಬಸ್ಸು ಹತ್ತಿ ಬಂದಿದ್ದಳು.

"ಯಾರಂತೆ?" ಎಂದೆ.

"ಇರು. ಕೆಳಗಡೆ ಕನ್ನಡಕದಂಗಡಿಯವರಲ್ವಾ ಇದು? ನಿನ್ನೆ ಅನ್‌ಸಬ್‌ಸ್ಕ್ರೈಬ್ ಆಗಿದ್ದಾರೆ."

ಸೂಜಿಗೆ ಪೋಣಿಸುತ್ತಿದ್ದ ದಾರ ತಪ್ಪಿತು. ಮತ್ತೆ ಹಾಕಿದೆ, ಮತ್ತೆ ತಪ್ಪಿತು.

"ಇನ್ನೂ ಏನೇನೋ ಇದೆ ಬಾರೇ. ಯಾರು ಯಾವಾಗ ತೆರೆದ್ರು, ಎಷ್ಟು ಸಲ..."

"ಬೇಡ ಅಕ್ಕಾ. ಮುಚ್ಚು ಅದನ್ನ."

"ಒಬ್ಬರು ಹೋದ್ರೆ ಏನಾಯ್ತು? ಇಡೀ ಬೀದಿಯೇ ಎದ್ದು ಹೋದ ಹಾಗೆ ಮುಖ ಮಾಡ್ತೀಯಲ್ಲ."

ಅಕ್ಕನಿಗೆ ಹೇಗೆ ಹೇಳಲಿ? ಪಟ್ಟಿಯಲ್ಲಿ ಎಷ್ಟೇ ಜನರಿದ್ದರೂ ನಾನು ಬರೆಯುತ್ತಿದ್ದುದು ಆ ಒಬ್ಬರಿಗೇ.

*

ಅವರು ಡಾಕ್ಟರಲ್ಲ. ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಮಾಡಿಕೊಡುವವರು. ಬೀದಿಯವರೆಲ್ಲ "ಡಾಕ್ಟ್ರೇ" ಎಂದಾಗ ಮೊದಮೊದಲು ಒಬ್ಬೊಬ್ಬರನ್ನೇ ತಿದ್ದುತ್ತಿದ್ದರಂತೆ. ಈಗ ನಕ್ಕು "ಕೂತ್ಕೊಳ್ಳಿ" ಎನ್ನುತ್ತಾರೆ.

ಸೂಜಿಯ ಕಣ್ಣು ಕಂಡರೂ ಎದುರು ನಿಂತ ಗಿರಾಕಿಯ ಮುಖ ನನ್ನ ಕಣ್ಣಿಗೆ ಮಸುಕಾದಾಗ ನಾನೂ ಹೋಗಿ ಕೂತಿದ್ದೆ. ಅವರು ಒಂದರ ಮೇಲೊಂದು ಗಾಜು ಬದಲಿಸುತ್ತ, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ?" ಎಂದು ಕೇಳಿದರೆ ನನಗೆ ಪರೀಕ್ಷೆಯ ಹಾಲ್ ನೆನಪಾಗಿ ಬೆವರು.

"ಎರಡೂ ಒಂದೇ ಥರ ಅನ್ಸುತ್ತೆ. ತಪ್ಪಾ?"

"ಇಲ್ಲಿ ತಪ್ಪು ಉತ್ತರ ಅಂತ ಇಲ್ಲ. ಕಂಡಿದ್ದು ಹೇಳಿ, ಸಾಕು."

ಯಾರೂ ನನಗೆ ಅದುವರೆಗೆ ಹಾಗೆ ಹೇಳಿರಲಿಲ್ಲ. ಆಮೇಲೆ ಒಂದು ಪುಟ್ಟ ಸ್ಕೇಲನ್ನು ನನ್ನ ಮೂಗಿನ ಮೇಲೆ ಅಡ್ಡ ಹಿಡಿದು, ಕಣ್ಣುಗುಡ್ಡೆಗಳ ನಡುವಿನ ದೂರ ಅಳೆಯಲು ಬಾಗಿದರು.

"ಎಲ್ಲಿ ನೋಡ್ಲಿ?"

"ನನ್ನ ಕಣ್ಣನ್ನೇ ನೋಡಿ."

ನೋಡಿದೆ. ಅವರ ಎಡಗಣ್ಣಿನ ಕಪ್ಪಿನ ಪಕ್ಕದಲ್ಲಿ ಒಂದು ಕಂದು ಚುಕ್ಕೆ ಇತ್ತು. ರೆಪ್ಪೆ ಒಮ್ಮೆ ಬಡಿಯಿತು, ನಿಂತಿತು. ಉಸಿರು ಬಿಡಬೇಕೋ ಹಿಡಿಯಬೇಕೋ ತಿಳಿಯದೆ ನಾನು ಹಿಡಿದೇ ಕುಳಿತೆ. ಅವರು ಸ್ಕೇಲ್ ತೆಗೆದು, ಪೆನ್ನು ಎತ್ತಿ, ಸುಮ್ಮನೆ ನಿಂತರು.

"ಮರೆತೇ ಹೋಯ್ತು. ಇನ್ನೊಂದ್ ಸಲ ನೋಡಿ," ಎಂದರು. ಅವರ ಕಿವಿ ಕೆಂಪಾಗಿತ್ತು.

ಕೆಲವು ದಿನಗಳ ನಂತರ ಮೊಣಕೈ ಹತ್ತಿರ ತೂತಾದ ಸ್ವೆಟರ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಇಮೇಲ್ ವಿಳಾಸಕ್ಕೆಂದು ಮೇಜಿನ ಮೇಲಿಟ್ಟಿದ್ದ ಹಾಳೆ ಇನ್ನೂ ಖಾಲಿ ಇತ್ತು.

"ನಾನೇ ಮೊದಲ್ನೇವನಾ? ಹಾಗಾದ್ರೆ ಇನ್ನು ಕಳಿಸದೆ ಇರೋ ಹಾಗಿಲ್ಲ ನೀವು."

ಹಾಗೆ ಶುರುವಾಯಿತು. ಒಂದೊಂದು ಇಮೇಲ್‌ನಲ್ಲಿ ಒಂದೊಂದು ಬಟ್ಟೆಯ ಸಂಗತಿ ಬರೆಯುತ್ತಿದ್ದೆ: ಎಲ್ಲಿ ಹರಿದಿತ್ತು, ಯಾಕೆ ಬಿಸಾಡಲು ಮನಸ್ಸಾಗಲಿಲ್ಲ, ಹೇಗೆ ಕೂಡಿಸಿದೆ. ಬರೆಯುವಾಗ ಸುಖವಾಗಿರುತ್ತಿತ್ತು. ಸೆಂಡ್ ಬಟನ್ ಮುಂದೆ ಬೆರಳು ನಿಂತ ಕೂಡಲೇ ಕೈಕಾಲು ತಣ್ಣಗಾಗುತ್ತಿತ್ತು. ಯಾರೋ ಊಟಕ್ಕೆ ಕೂತಿರುತ್ತಾರೆ, ಯಾರ ಮನೆಯಲ್ಲೋ ಜ್ವರ, ಮಧ್ಯೆ ಇವಳದೊಂದು ಉಸಾಬರಿ ಎಂದು ಬೈದುಕೊಂಡರೆ? ಅಂಗಡಿ ಓಡುತ್ತಿಲ್ಲ ಪಾಪ ಎಂದುಕೊಂಡರೆ? ಕೊನೆಗೆ ಕಣ್ಣು ಮುಚ್ಚಿ ಒತ್ತಿ, ಲ್ಯಾಪ್‌ಟಾಪನ್ನು ದಪ್ಪನೆಯ ಕಂಬಳಿಯಲ್ಲಿ ಸುತ್ತಿ ಬೀರುವಿಗೆ ತಳ್ಳಿ, ಬೀದಿ ಸುತ್ತಲು ಹೋಗುತ್ತಿದ್ದೆ. ಅದೇನು ಒಳಗಿನಿಂದ ಕೂಗಿಕೊಳ್ಳುತ್ತದೆಯೇ? ಆದರೂ ಕಂಬಳಿ ಇಲ್ಲದೆ ನನಗೆ ಸಮಾಧಾನವಿರುತ್ತಿರಲಿಲ್ಲ.

ವಾಪಸು ಬರುವಾಗ ಡಾಕ್ಟ್ರು ಅಂಗಡಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಕನ್ನಡಕ ಮೂಗಿನ ತುದಿಗಿಳಿಸಿ, ಅದರ ಮೇಲಿನಿಂದ ನೋಡುತ್ತ ಕೇಳುತ್ತಿದ್ದರು:

"ಟೀಚರ್, ಆ ಹಸಿರು ಕೋಟಿನ ಜೇಬಲ್ಲಿ ಏನಿತ್ತು ಅಂತ ಬರೀಲೇ ಇಲ್ಲ."

"ಮುಂದಿನ ಸಲ ಬರೀತೀನಿ."

"ಅಲ್ಲೀ ತನಕ ನಾನೇನ್ ಮಾಡ್ಲಿ?"

ಬಟ್ಟೆ ಸರಿಮಾಡುವುದನ್ನು ಹೇಳಿಕೊಡುವ ವಾರಾಂತ್ಯದ ಕ್ಲಾಸು ಮಾಡಬೇಕೆಂಬ ಆಸೆ ಇದೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಕ್ಲಾಸೂ ಇಲ್ಲ, ಮಕ್ಕಳೂ ಇಲ್ಲ, ಅಂದಿನಿಂದ ನಾನು ಟೀಚರ್.

ಅಂಥವರು ಪಟ್ಟಿ ಬಿಟ್ಟು ಹೋಗಿದ್ದರು. ಬೇಸರವಾಗಿರಬೇಕು. ಬಾಯಿಬಿಟ್ಟು ಹೇಳಲು ಸಂಕೋಚ, ಒಂದು ಬಟನ್ ಒತ್ತಿ ಕೈ ತೊಳೆದುಕೊಂಡರು.

*

ಅವತ್ತಿನಿಂದ ನಾನು ಅವರ ಕಣ್ಣು ತಪ್ಪಿಸಿ ಓಡಾಡತೊಡಗಿದೆ. ವಿಚಿತ್ರವೆಂದರೆ ಅವರೂ ಹಾಗೇ ಮಾಡುತ್ತಿದ್ದರು. ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಯಾವುದೋ ಡ್ರಾಯರ್ ಎಳೆದು ತಲೆ ಒಳಗಿಡುತ್ತಿದ್ದರು. ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಅದೇ ಸಮಯಕ್ಕೆ ನನ್ನ ಕನ್ನಡಕದ ಕಡ್ಡಿಯ ಸ್ಕ್ರೂ ಎಲ್ಲೋ ಉದುರಿಹೋಯಿತು. ಕೆಳಗೆ ಹೋದರೆ ಎರಡು ನಿಮಿಷದ ಕೆಲಸ. ನಾನು ಹೋಗಲಿಲ್ಲ. ಕಪ್ಪು ದಾರದಿಂದ ಬಿಗಿಯಾಗಿ ಸುತ್ತಿ ಗಂಟು ಹಾಕಿದೆ. ಬಾಗಿದಾಗೆಲ್ಲ ಕನ್ನಡಕ ಒಂದು ಕಡೆ ವಾಲುತ್ತಿತ್ತು, ನಾನೂ ಅದರ ಜೊತೆ ವಾಲಿಕೊಂಡೇ ಹೊಲಿಯುತ್ತಿದ್ದೆ.

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಅಕ್ಕ ಮತ್ತೆ ಬಂದಳು. ಈ ಸಲ ಕೈಯಲ್ಲಿ ಖಾಲಿ ಬ್ಯಾಗುಗಳಿದ್ದವು. ಪಕ್ಕದೂರಿನಲ್ಲಿ ಅವಳಿಗೆ ಯೂನಿಫಾರ್ಮ್ ಹೊಲಿಯುವ ಘಟಕವಿದೆ. ಬರೀ ತೂತು ಮುಚ್ಚಿ ಬದುಕು ಸಾಗುವುದಿಲ್ಲ, ಈ ತಿಂಗಳು ಕ್ಲಾಸಿಗೆ ಜನ ಸೇರದಿದ್ದರೆ ರೂಮು ಬಿಟ್ಟು ತನ್ನ ಜೊತೆ ಬರಬೇಕು ಎಂದು ಅವಳು ಹೇಳಿದ್ದಳು, ನಾನು ಒಪ್ಪಿದ್ದೆ. ಜನ ಸೇರಬೇಕಾದರೆ ಅವರಿಗೆ ವಿಷಯ ತಿಳಿಯಬೇಕಲ್ಲ? ಕ್ಲಾಸಿನ ಇಮೇಲ್ ಬರೆದಿಟ್ಟು ದಿನಗಳಾಗಿದ್ದವು. ದಿನಾ ತೆರೆದು ತಲೆಬರಹ ಬದಲಿಸುತ್ತಿದ್ದೆ, ಮುಚ್ಚುತ್ತಿದ್ದೆ.

"ಕಳಿಸಿದ್ಯಾ?"

"ಇಲ್ಲ."

"ಯಾಕೆ ಪುಟ್ಟೀ?" ಅಕ್ಕ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. "ಏನಂತ ಭಯ ನಿಂಗೆ?"

"ಎಲ್ರೂ ಬಿಟ್ಟು ಹೋಗ್ತಾರೆ."

"ಎಲ್ಲರೂ ಅಂದ್ರೆ ಯಾರು?"

ನಾನು ತಲೆ ತಗ್ಗಿಸಿದೆ. ದಾರದ ಗಂಟು ಬಿಚ್ಚಿಕೊಂಡು ಕನ್ನಡಕದ ಕಡ್ಡಿ ಮಡಿಲಿಗೆ ಬಿತ್ತು. ಅಕ್ಕ ಆ ಕಡ್ಡಿ ನೋಡಿದಳು, ದಾರ ನೋಡಿದಳು, ನೆಲದ ಕಡೆ, ಅಂದರೆ ಕೆಳಗಿನ ಅಂಗಡಿಯ ಕಡೆ ನೋಡಿದಳು. ನನ್ನಕ್ಕ ದಡ್ಡಿಯಲ್ಲ.

"ಕಾಲಡಿಲೇ ಕನ್ನಡಕದಂಗಡಿ ಇಟ್ಕೊಂಡು ದಾರ ಸುತ್ಕೊಂಡಿದೀಯಾ? ಹೋಗಿ ಸರಿ ಮಾಡಿಸ್ಕೊಂಡು ಬಾ. ಅಷ್ಟರಲ್ಲಿ ಆ ಇಮೇಲ್ ನಾನೇ ಕಳಿಸಿಬಿಡ್ತೀನಿ."

ನಾನು ಲ್ಯಾಪ್‌ಟಾಪನ್ನು ಕಂಬಳಿ ಸಮೇತ ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದೆ.

*

ಕನ್ನಡಕವಿಲ್ಲದೆ ಅಂಗಡಿಯೆಲ್ಲ ಮಂಜು ಮಂಜಾಗಿತ್ತು. ಒಂದು ಬಿಳಿ ಅಂಗಿ ಎದ್ದು ನಿಂತಿತು.

"ಸ್ಕ್ರೂ ಬಿದ್ದುಹೋಗಿದೆ," ಎಂದೆ.

"ಕೂತ್ಕೊಳ್ಳಿ."

ಕನ್ನಡಕ ತೆಗೆದುಕೊಂಡರು. ಜೋತಾಡುತ್ತಿದ್ದ ದಾರವನ್ನು ಕತ್ತರಿಸದೆ ಮೆಲ್ಲಗೆ ಬಿಡಿಸಿ, ಸುತ್ತಿ, ಒಂದು ಕಡೆ ಇಟ್ಟರು. ಅಷ್ಟು ಹತ್ತಿರ ನನಗೆ ಕಾಣುತ್ತಿತ್ತು. ಮುಖ ಕಾಣುತ್ತಿರಲಿಲ್ಲ.

"ಎಷ್ಟು ದಿನದಿಂದ ಹೀಗೆ ಕಟ್ಕೊಂಡಿದೀರಿ?"

"ಬಿಡುವಿರ್ಲಿಲ್ಲ."

"ಇಲ್ಲಿಗೆ ಬರೋದು ಬೇಡ ಅನ್ಸಿರುತ್ತೆ," ಎಂದರು. ಸ್ಕ್ರೂಡ್ರೈವರ್ ಮೇಜಿನ ಮೇಲೆ ಇಟ್ಟ ಸದ್ದಾಯಿತು. "ನಂಗೆ ಅರ್ಥ ಆಗುತ್ತೆ ಟೀಚರ್. ಸಾರಿ. ನೀವು ಅದನ್ನ ನೋಡಿ ಏನಂದ್ಕೊಂಡ್ರೋ ಏನೋ. ನಿಮಗೆ ಮುಜುಗರ ಆಗ್ಲಿ ಅಂತ ಮಾಡಿದ್ದಲ್ಲ."

"ಮುಜುಗರ ಅಲ್ಲ, ಬೇಜಾರಾಯ್ತು," ಎಂದೆ. ಮುಖ ಕಾಣದಿದ್ದುದೇ ನನಗೆ ಧೈರ್ಯ ಕೊಟ್ಟಿತ್ತು. "ಇಷ್ಟ ಇಲ್ಲಾಂದ್ರೆ ಬಾಯಲ್ಲಿ ಹೇಳಬಹುದಿತ್ತಲ್ಲ. ಪಟ್ಟಿ ಬಿಟ್ಟು ಯಾಕೆ ಹೋದ್ರಿ?"

"ಇಷ್ಟ ಇಲ್ದೆ?" ಬಿಳಿ ಅಂಗಿ ಅಲುಗಲಿಲ್ಲ. "ನೀವು ರಿಪೋರ್ಟ್ ನೋಡ್ಲಿಲ್ವಾ?"

"ನೀವು ಬಿಟ್ಟು ಹೋಗಿರೋದು ನೋಡಿದೆ. ಮುಚ್ಚಿಬಿಟ್ಟೆ."

"ಬೇರೇನೂ ನೋಡ್ಲಿಲ್ಲ?"

"ಬೇರೇನಿದೆ ನೋಡೋಕೆ?"

ಬಿಳಿ ಅಂಗಿ ಕುರ್ಚಿ ಎಳೆದು ಎದುರಿಗೆ ಕೂತಿತು. ಆಮೇಲೆ ಅವರು ನಿಧಾನವಾಗಿ, ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳತೊಡಗಿದರು.

"ಅಕ್ಕ ಬರ್ತಾಳೆ, ಯಾರು ಎಷ್ಟು ಸಲ ತೆರೆದ್ರು ಅಂತ ನೋಡೋದು ಹೇಳಿಕೊಡ್ತಾಳೆ ಅಂದ್ರಲ್ಲ ನೀವು. ಅದೆಲ್ಲ ಗೊತ್ತಾಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾನು ಬೆಳಿಗ್ಗೆ ಅಂಗಡಿ ತೆಗೆಯೋ ಮುಂಚೆ ಒಂದ್ಸಲ ಓದ್ತೀನಿ. ಗಿರಾಕಿ ಇಲ್ದಿದ್ರೆ ಓದ್ತೀನಿ. ಆ ಹಸಿರು ಕೋಟಿಂದು ಎಷ್ಟು ಸಲ ಓದಿದೀನೋ ನಂಗೇ ಗೊತ್ತಿಲ್ಲ. ಅದೆಲ್ಲ ನಿಮ್ಮ ಕಣ್ಣಿಗೆ ಬಿದ್ರೆ ಏನಂದ್ಕೊಳ್ತೀರಿ? ಇವನಿಗೇನು ಬಂತು ಅಂತ ಹೆದರ್ಕೊಳ್ಳಲ್ವಾ? ಪಟ್ಟಿಯಿಂದ ಹೊರಗೆ ಹೋದ್ರೆ ನನ್ನ ಲೆಕ್ಕವೂ ಅಳಿಸಿಹೋಗುತ್ತೆ ಅಂದ್ಕೊಂಡೆ. ಆಮೇಲೆ ಯಾರೋ ಹೇಳಿದ್ರು, ಹೋಗಲ್ಲ, ಅದು ಹಾಗೇ ಇರುತ್ತೆ ಅಂತ. ಅವತ್ತಿಂದ ನೀವೂ ಕಾಣಿಸ್ಲಿಲ್ಲ. ಸರಿ, ನೋಡಿದಾರೆ, ಅಸಹ್ಯ ಪಟ್ಕೊಂಡಿದಾರೆ ಅಂತ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಇವರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬೀರುವಿನಲ್ಲಿ ಕಂಬಳಿ ಸುತ್ತಿಟ್ಟು ನಾನು ಹೆದರುತ್ತಿದ್ದಷ್ಟೂ ದಿನ, ಕೆಳಗೆ ಈ ಮನುಷ್ಯ ಓದುತ್ತಲೇ ಇದ್ದರು.

"ಕನ್ನಡಕ ಕೊಡಿ," ಎಂದೆ. "ನಿಮ್ಮ ಮುಖ ನೋಡಬೇಕು."

ಅವರೇ ತೊಡಿಸಿದರು. ಕಡ್ಡಿಗಳನ್ನು ಕಿವಿಯ ಹಿಂದೆ ಒಂದೊಂದಾಗಿ ಕೂರಿಸಿದರು. ಮಂಜು ಸರಿದು ಮೊದಲು ಕಂಡದ್ದು ಆ ಕಂದು ಚುಕ್ಕೆ. ಕಿವಿ ಅವತ್ತಿನಷ್ಟೇ ಕೆಂಪು.

ನಾನು ಕಂಬಳಿ ಬಿಚ್ಚಿದೆ.

"ಇದೇನು, ಮಗು ಥರ ಸುತ್ಕೊಂಡು ಬಂದಿದೀರಿ?"

"ಕ್ಲಾಸಿಂದು. ಇವತ್ತು ಕಳಿಸ್ದೆ ಇದ್ರೆ ನಾನು ಅಕ್ಕನ ಊರಿಗೆ ಹೋಗಬೇಕು. ಮೇಲೆ ಬ್ಯಾಗ್ ತುಂಬೋಕೆ ಕಾಯ್ತಿದಾಳೆ."

ಅವರ ಮುಖದ ಬಣ್ಣ ಇಳಿಯಿತು. "ನಾನು ಒತ್ಲಾ?" ಎಂದು ಕೈ ಮುಂದೆ ಮಾಡಿದರು.

"ಬೇಡ."

ಭಯ ಹೋಗಿತ್ತು ಎಂದರೆ ಸುಳ್ಳು. ಆದರೆ ಈ ಸಲ ಕಣ್ಣು ಮುಚ್ಚಲಿಲ್ಲ. ಪಟ್ಟಿಯ ಆ ತುದಿಯಲ್ಲೂ ಇವರ ಹಾಗೆ ಯಾರೋ ಒಬ್ಬರು ಅಂಗಡಿ ತೆರೆಯುವ ಮುಂಚೆ ಓದುತ್ತಿರಬಹುದು, ಹೇಳಲು ಹೆದರುತ್ತಿರಬಹುದು ಅನ್ನಿಸಿತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಒತ್ತಿದೆ.

ಅವರು ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ತಮ್ಮ ಫೋನ್ ಕಡೆ ನೋಡಿದರು. ಅದು ಸದ್ದು ಮಾಡಲಿಲ್ಲ. ಮತ್ತೆ ನೋಡಿದರು.

"ನಿಮಗೆ ಬರಲ್ಲ," ಎಂದೆ. "ನೀವು ಪಟ್ಟಿಯಲ್ಲಿಲ್ಲ."

"ವಾಪಸ್ ಸೇರಿಸ್ಕೊಳ್ಳಿ ಟೀಚರ್. ಬೇಕಾದ್ರೆ ಕೊನೇಲಿ ಹಾಕಿ."

"ಇಲ್ಲ. ನಿಮಗೆ ಬೇರೆ ಕಳಿಸೋದಿದೆ."

ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಅಕ್ಕನ ದನಿ ಬಂತು. ಅವಳ ಫೋನಿನಲ್ಲೂ ನನ್ನ ಇಮೇಲ್ ತೆರೆದೇ ಇರುತ್ತದೆ. "ಪುಟ್ಟೀ, ಯಾರೋ ಇಬ್ಬರು ಕ್ಲಾಸಿಗೆ ಬರ್ತೀವಿ ಅಂತ ಬರೆದಿದಾರೆ ಕಣೇ. ಇನ್ನೊಬ್ಬರು ಮಗಳನ್ನ ಸೇರಿಸ್ಬಹುದಾ ಅಂತಾರೆ." ಸ್ವಲ್ಪ ತಡೆದು, ಸಣ್ಣ ದನಿಯಲ್ಲಿ ಸೇರಿಸಿದಳು, "ಒಬ್ಬರು ಬಿಟ್ಟು ಹೋದ್ರು."

ನನ್ನ ಎದೆ ಒಂದು ಸಲ ಹಾರಿ ಮತ್ತೆ ತನ್ನ ಜಾಗಕ್ಕೆ ಬಂತು.

"ಹೋಗ್ಲಿ ಬಿಡಕ್ಕಾ," ಎಂದು ಕೂಗಿದೆ.

ಮೇಲೆ ಖಾಲಿ ಬ್ಯಾಗುಗಳನ್ನು ಮಡಿಸುವ ಸದ್ದು ಕೇಳಿಸಿತು. ಡಾಕ್ಟ್ರು ಕನ್ನಡಕ ಮೂಗಿನ ತುದಿಗಿಳಿಸಿ, ಅದರ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

"ನನಗೆ ಬೇರೆ ಕಳಿಸೋದೇನು ಅಂತ ಹೇಳ್ಲಿಲ್ಲ."

ತಲೆಬರಹ ಹೊಳೆಯಲಿಲ್ಲ. ತಿದ್ದಲು, ಅಳಿಸಲು ಸಮಯವೂ ಇರಲಿಲ್ಲ. ಇಲ್ಲಿ ತಪ್ಪು ಉತ್ತರ ಅಂತ ಇಲ್ಲ ಎಂದವರು ಇವರೇ ತಾನೇ?

"ನಿಮ್ಮನ್ನ ಕಂಡ್ರೆ ನಂಗೆ ತುಂಬ ಇಷ್ಟ," ಎಂದೆ.

ಅವರು ಪೆನ್ನು ಹುಡುಕುವವರಂತೆ ಮೇಜು ತಡವಿದರು, ಏನೂ ಎತ್ತಿಕೊಳ್ಳಲಿಲ್ಲ. ನಾನು ಸುತ್ತಿದ್ದ ಆ ಕಪ್ಪು ದಾರ ಅವರ ಬೆರಳಿಗೆ ಸಿಕ್ಕಿತು. ಅದನ್ನೇ ಹಿಡಿದುಕೊಂಡು ನನ್ನ ಕಣ್ಣನ್ನೇ ನೋಡಿದರು.

"ಇನ್ನೊಂದ್ ಸಲ ಹೇಳಿ," ಎಂದರು.

ಹೇಳಿದೆ. ಆಮೇಲೆ ಮತ್ತೊಂದು ಸಲ ಹೇಳಿದೆ. ಅದೆಷ್ಟು ಸಲವಾಯಿತೆಂದು ಯಾವ ರಿಪೋರ್ಟಿನಲ್ಲೂ ಸಿಗುವುದಿಲ್ಲ.